ಮುಂಗಡ ಕೊಟ್ಟರೆ ಮನುಷ್ಯ ಅಡವಾಗುವುದಿಲ್ಲ

ಗುಲಾಮಗಿರಿ ಅಮೆರಿಕದ ಪಾಪ, ನಮ್ಮಲ್ಲಿ ಅದಿರಲಿಲ್ಲ, ಇದ್ದ ಜೀತವೂ ಎಂದೋ ಹೋಯಿತು, ಈಗಿರುವುದು ಬರೀ ಅಡ್ವಾನ್ಸು ವ್ಯವಹಾರ. ಹೊಸೂರು, ಕೃಷ್ಣಗಿರಿ ಕಡೆಯ ಇಟ್ಟಿಗೆ ಗೂಡು, ಕಲ್ಲು ಕ್ವಾರಿಗಳ ಮಾತೆತ್ತಿದರೆ ಸಾಕು, ಈ ಉತ್ತರ ಬಾಯಿಗೆ ಬರುತ್ತದೆ. ಇದು ಹಸಿ ಸುಳ್ಳು. 1833ರಲ್ಲಿ ಬ್ರಿಟಿಷ್ ಸಂಸತ್ತು ತನ್ನ ವಸಾಹತುಗಳಲ್ಲಿ ಗುಲಾಮಗಿರಿ ತೆಗೆದಾಗ ಈಸ್ಟ್ ಇಂಡಿಯಾ ಕಂಪನಿಯ ಸೀಮೆಯನ್ನು ಹೊರಗೇ ಇಟ್ಟಿತು. ಇಲ್ಲಿಗೆ ಕಾಯ್ದೆ ಬಂದದ್ದು 1843ರಲ್ಲಿ. ಗುಲಾಮರೇ ಇಲ್ಲದ ನಾಡಿಗೆ ಆ ಕಾಯ್ದೆ ಯಾಕೆ ಬೇಕಿತ್ತು? ಅದೂ ಒಡೆಯನ ಹಕ್ಕನ್ನು ಕೋರ್ಟು ಒಪ್ಪುವುದಿಲ್ಲ ಎಂದಿತೇ ಹೊರತು ಆಳಿಗೆ ಒಂದು ಗುಂಟೆ ನೆಲ ಕೊಡಲಿಲ್ಲ. ನೆಲವಿಲ್ಲದವನು ಮತ್ತೆ ಅದೇ ಒಡೆಯನ ಬಾಗಿಲಿಗೆ ಸಾಲಕ್ಕೆ ಹೋದ. ಅಮೆರಿಕದಲ್ಲೂ ಹೀಗೇ ಆಯಿತು. ಗುಲಾಮಗಿರಿ ತೆಗೆದ 1865ರ 13ನೇ ಸಂವಿಧಾನ ತಿದ್ದುಪಡಿಯ ಹೊತ್ತಿಗೆ ಬಿಡುಗಡೆಯಾದ ಸುಮಾರು 40 ಲಕ್ಷ ಕಪ್ಪು ಜನರಲ್ಲಿ ಬಹುಪಾಲು ಮಂದಿಗೆ ಜಮೀನು ಸಿಗಲಿಲ್ಲ. ಪಾಲಿನ ಬೇಸಾಯ, ಅಂಗಡಿಯ ಸಾಲ ಅವರನ್ನು ಮತ್ತೆ ಅದೇ ಹತ್ತಿ ಹೊಲಗಳಿಗೆ ಕಟ್ಟಿಹಾಕಿದವು.

ಇಂದು ನಮ್ಮ ಇಟ್ಟಿಗೆ ಗೂಡಿನಲ್ಲಿ ನಡೆಯುವುದನ್ನು ನೋಡಿ. ಮೇಸ್ತ್ರಿ ಊರಿಗೆ ಬಂದು ಗಂಡನ ಕೈಗೆ ಮುಂಗಡ ಕೊಡುತ್ತಾನೆ. ಮಣ್ಣು ಕಲಸುವವಳು ಹೆಂಡತಿ, ಹಸಿ ಇಟ್ಟಿಗೆ ಮಗುಚುವವರು ಮಕ್ಕಳು; ಪುಸ್ತಕದಲ್ಲಿರುವುದು ಗಂಡನ ಹೆಸರೊಂದೇ. ಸಾವಿರ ಇಟ್ಟಿಗೆಗೆ ಇಷ್ಟೆಂದು ಕೂಲಿ, ವಾರಕ್ಕೊಮ್ಮೆ ಹೊಟ್ಟೆಗಾಗುವಷ್ಟು ಖರ್ಚಿ, ಲೆಕ್ಕ ಸುಗ್ಗಿ ಮುಗಿದ ಮೇಲೆ. ಆ ಲೆಕ್ಕದಲ್ಲಿ ಬಾಕಿ ಉಳಿಯುತ್ತದೆ, ಮುಂದಿನ ವರ್ಷವೂ ಅಲ್ಲಿಗೇ ಬರಬೇಕು. ವಿಚಾರಣೆಗೆ ಬಂದ ಅಧಿಕಾರಿ ಮೊದಲು ಕೇಳುವುದು, "ದುಡ್ಡು ಇಸಕೊಂಡಿದ್ದೀಯೋ ಇಲ್ಲವೋ?" ಹೌದೆಂದರೆ ವಿಚಾರಣೆ ಮುಗಿಯಿತು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಹೇಳುವುದು ಇದಕ್ಕೆ ನೇರ ವಿರುದ್ಧ. ಜೀತ ಶುರುವಾಗುವುದೇ ಮುಂಗಡದಿಂದ ಎನ್ನುತ್ತದೆ ಅದು. ಆ ಸಾಲ ಅಳಿಸಿಹೋಯಿತು ಎನ್ನುತ್ತದೆ. ಇದು ಜೀತದ ಸಾಲವಲ್ಲ ಎಂದು ರುಜುವಾತು ಮಾಡುವ ಹೊಣೆಯನ್ನು ಸಾಲ ಕೊಟ್ಟವನ ಮೇಲೇ ಹೊರಿಸುತ್ತದೆ. ಕೂಲಿಯವನು ಒಪ್ಪಿಯೇ ಬಂದ ಎಂಬ ವಾದವೂ ನಿಲ್ಲುವುದಿಲ್ಲ. ಏಷ್ಯಾಡ್ ಕ್ರೀಡಾಕೂಟದ ಕಾಮಗಾರಿಯ ಕೂಲಿಗಾರರ ಪ್ರಕರಣದಲ್ಲಿ, 1982ರಲ್ಲೇ, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿದರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟು ಹೇಳಿದೆ. ಹಸಿವು ಕೂಡ ಬಲವಂತವೇ. ಕೊಟ್ಟ ಹಣ ಮುಳುಗಬೇಕೇ ಎನ್ನುವ ಮಾಲೀಕರು ಕನಿಷ್ಠ ಕೂಲಿ ಕೊಡಲಿ, ಬಿಟ್ಟುಹೋಗುವವರನ್ನು ತಡೆಯದಿರಲಿ. ಆಮೇಲೆ ಅವರ ಅಡ್ವಾನ್ಸನ್ನು ಯಾರೂ ಜೀತವೆನ್ನುವುದಿಲ್ಲ.

2030ರೊಳಗೆ 1.84 ಕೋಟಿ ಜೀತದಾಳುಗಳನ್ನು ಬಿಡಿಸುತ್ತೇವೆಂದು ಕೇಂದ್ರ ಸರ್ಕಾರ 2016ರಲ್ಲಿ ಹೇಳಿತು. ಅಲ್ಲಿಯವರೆಗಿನ 40 ವರ್ಷದಲ್ಲಿ ಗುರುತಿಸಿದ್ದು 3 ಲಕ್ಷದ ಆಸುಪಾಸು. ಈ 1.84 ಕೋಟಿ ಸರ್ಕಾರದ ಬಾಯಿಂದಲೇ ಬಂದ ಲೆಕ್ಕ. ಜೀತ ಹೋಯಿತೆನ್ನುವವರು ಮೊದಲು ಇದಕ್ಕೆ ಉತ್ತರ ಕೊಡಲಿ. ಅದೇ ವರ್ಷದ ಪುನರ್ವಸತಿ ಯೋಜನೆಯಲ್ಲಿ ಗಂಡಾಳಿಗೆ 1 ಲಕ್ಷ, ಹೆಂಗಸರಿಗೆ, ಮಕ್ಕಳಿಗೆ 2 ಲಕ್ಷ ರೂಪಾಯಿ ಎಂದು ಬರೆದು, ಪೂರ್ತಿ ಹಣವನ್ನು ಮಾಲೀಕನಿಗೆ ಶಿಕ್ಷೆಯಾಗುವುದಕ್ಕೆ ತಗುಲಿಹಾಕಿದರು. ಕೇಸು ಎಳೆದಷ್ಟೂ ಬಿಡುಗಡೆಯಾದವನಿಗೆ ಆ ಹಣ ದೂರ. ಮೇಲೆ ಈ ಕರ್ನಾಟಕ-ತಮಿಳುನಾಡು ಗಡಿ ಬೇರೆ. ಕೆಲಸ ಅತ್ತಿಬೆಲೆಯ ಆಚೆ, ಮನೆ ಈಚೆ. ಬಿಡುಗಡೆ ಪತ್ರ ಒಂದು ರಾಜ್ಯದ್ದು, ಪುನರ್ವಸತಿ ಇನ್ನೊಂದರದ್ದು. ನೀರಿಗೆ, ನಾಮಫಲಕಕ್ಕೆ ಗಡಿಯಲ್ಲಿ ನಿಂತು ಕೂಗುವ ಎರಡೂ ಕಡೆಯವರು ಈ ಕೂಲಿಯವನಿಗಾಗಿ ಒಂದು ದಿನವೂ ಬೀದಿಗಿಳಿದಿಲ್ಲ, ಅವನಾಡುವುದು ಕನ್ನಡವಾಗಲಿ, ತಮಿಳಾಗಲಿ, ತೆಲುಗಾಗಲಿ.

ಇದೇ ಹೊಸೂರು ಬಳಿಯ ತೊರಪಲ್ಲಿ ಅಗ್ರಹಾರದಲ್ಲಿ ಹುಟ್ಟಿದ ರಾಜಾಜಿ ಮದರಾಸು ಪ್ರಾಂತ್ಯದ ಪ್ರಧಾನಿಯಾಗಿ 1938ರಲ್ಲಿ ರೈತರ ಸಾಲ ಪರಿಹಾರ ಕಾಯ್ದೆ ತಂದರು. ದೊಡ್ಡ ಕೆಲಸವೇ. ಆದರೆ ಅದರ ರಕ್ಷಣೆ ಜಮೀನಿನಲ್ಲಿ ಹಕ್ಕಿದ್ದವನಿಗೆ. ನೆಲವಿಲ್ಲದ ಕೂಲಿಯವನ ಜೀತದ ಸಾಲ ಅಳಿಸುವ ದೇಶವ್ಯಾಪಿ ಕಾಯ್ದೆಗೆ ಇನ್ನೂ 38 ವರ್ಷ ಬೇಕಾಯಿತು. ಈಗ ಆ ಕಾಯ್ದೆ ಇದೆ, ಜಾರಿಯ ಅಧಿಕಾರ ಕಲೆಕ್ಟರ ಕೈಯಲ್ಲಿದೆ, ಜಿಲ್ಲೆಗೊಂದು ಜಾಗೃತಿ ಸಮಿತಿ ಇರಲೇಬೇಕೆಂದು ಅದರಲ್ಲೇ ಬರೆದಿದೆ. ಆ ಸಮಿತಿ ಗೂಡಿಗೆ ಹೋಗಿ ಮೊದಲು ಮೇಸ್ತ್ರಿಯ ಪುಸ್ತಕ ವಶಪಡಿಸಿಕೊಳ್ಳಲಿ, ಪ್ರಶ್ನೆಯನ್ನು ಮಾಲೀಕನಿಗೆ ಕೇಳಲಿ.