‘ಬೆಂಕಿ ಮಗಾ’ ಅಂದ್ರೆ ಸಾಕಾ?

ಹಂಪಿಯ ಕಲ್ಲಿನ ರಥದ ಫೋಟೋ ಒಂದನ್ನ ಜೂನಿಯರ್ ಒಬ್ಬ ಗ್ರೂಪಿಗೆ ಹಾಕಿದ. ‘ಬೆಂಕಿ ಮಗಾ’, ‘ಸೂಪರ್ ಗುರು’ ಅಂತ ಬರೆದು ನಾವೆಲ್ಲ ಕೈತೊಳೆದುಕೊಂಡ್ವಿ. ಆಕಾಶ ಪೂರ್ತಿ ಬೆಳ್ಳಗೆ ಸುಟ್ಟುಹೋಗಿದ್ದು ಕಂಡಿತ್ತು, ಹೇಳಲಿಲ್ಲ. ಫೋಟೋ ಫೆಸ್ಟ್ ಸ್ಪರ್ಧೆಯ ಮೊದಲ ಸುತ್ತಲ್ಲೇ ಬಿತ್ತು. ‘ಮೊದಲೇ ಹೇಳಬಾರದಿತ್ತಾ ಅಣ್ಣಾ?’ ಅಂದಾಗ ತಲೆ ತಗ್ಗಿಸಿದ್ದು ನಾವು. ಲ್ಯಾಬ್ ರೆಕಾರ್ಡಿನ ಕೆಂಪು ಗೆರೆಗೆ ಬೇಜಾರಾಗದ ನಾವು ಫೋಟೋ ವಿಷಯದಲ್ಲಿ ಯಾಕಿಷ್ಟು ಹಿಂಜರೀತೀವಿ?

ಹಾಗಂತ ‘ಚೆನ್ನಾಗಿಲ್ಲ’ ಅಂದಿದ್ರೂ ಪ್ರಯೋಜನ ಇರ್ತಿರಲಿಲ್ಲ. ಹೇಳಬೇಕಿದ್ದದ್ದು ಇಷ್ಟು: ‘ಆನೆಗಳ ಮಟ್ಟಕ್ಕೆ ಕೂತು ತೆಗೆದಿದ್ದೀಯ, ಅದು ಇಷ್ಟ ಆಯ್ತು. ಆದ್ರೆ ಕಣ್ಣು ರಥ ಬಿಟ್ಟು ಬಿಳಿ ಆಕಾಶಕ್ಕೇ ಓಡುತ್ತೆ. ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ ನೋಡು. ನೆರಳನ್ನ ಆಮೇಲೆ ಎಡಿಟಿಂಗ್‌ನಲ್ಲಿ ಎತ್ತಬಹುದು, ಸುಟ್ಟ ಬಿಳುಪಲ್ಲಿ ಮೋಡ ವಾಪಸ್ ಬರಲ್ಲ.’ ಅದಕ್ಕೂ ಮುಂಚೆ, ‘ಬೇಕಂತಲೇ ಹೀಗೆ ತೆಗೆದ್ಯಾ?’ ಅಂತ ಕೇಳಬೇಕಿತ್ತು. ಬಿಳಿ ಆಕಾಶವೇ ಬೇಕು ಅನ್ನೋರೂ ಇದ್ದಾರೆ.