ನೀಲಿ ಮಾತ್ರೆ ಮತ್ತು ನೆನಪಿನ ಸೀಸೆ

ಸಂಕ್ರಾಂತಿಯ ಎಳ್ಳುಬೆಲ್ಲ ಹಂಚಿ ಮುಗಿಯುತ್ತಿದ್ದಂತೆ ನಮ್ಮ ಕಡೆಯ ಔಷಧಿ ಅಂಗಡಿಗಳಲ್ಲಿ ಒಂದು ಬದಲಾವಣೆ ಕಾಣುತ್ತದೆ. ಒಳಗೆಲ್ಲೋ ಇದ್ದ ‘ನೆನಪಿನ ಶಕ್ತಿ’ಯ ಸೀಸೆಗಳು ಮುಂದಿನ ಗಾಜಿನ ಕಪಾಟಿಗೆ ಬಂದು ಕೂರುತ್ತವೆ. ಡಬ್ಬಿಯ ಮೇಲೆ ಕನ್ನಡಕ ಹಾಕಿದ ಜಾಣ ಹುಡುಗ, ಅವನ ತಲೆಯ ಸುತ್ತ ಬೆಳಕು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕೂ ಕಡೆ ಪಾಠ ಹೇಳಿದ ನನಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತೆಂದು ತಿಳಿಯಲು ಕ್ಯಾಲೆಂಡರ್ ಬೇಕಿಲ್ಲ, ಈ ಸೀಸೆಗಳೇ ಸಾಕು.

ಇವುಗಳ ಮೇಲೆ ನನಗೆ ಸಿಟ್ಟಿದೆ. ಆ ಸಿಟ್ಟಿನಲ್ಲಿ ಒಂದು ಪಾಲು ನನ್ನ ಮೇಲಿನದೂ ಹೌದು.

ಕೆಲವು ವರ್ಷಗಳ ಹಿಂದೆ ಹತ್ತನೇ ತರಗತಿಯ ಹುಡುಗಿಯೊಬ್ಬಳ ತಾಯಿ ಶಾಲೆಗೆ ಬಂದರು. ಮನೆಯಲ್ಲಿ ರೇಷ್ಮೆ ಸಾಕಣೆ. “ಮೇಡಂ, ನಮ್ಮ ಹುಡುಗಿ ರಾತ್ರಿ ಹನ್ನೆರಡರ ತನಕ ಓದ್ತಾಳೆ. ಬೆಳಿಗ್ಗೆ ಕೇಳಿದ್ರೆ ಒಂದೂ ತಲೇಲಿ ನಿಂತಿರಲ್ಲ. ಯಾವ್ದಾದ್ರೂ ಒಳ್ಳೇ ಟಾನಿಕ್ ಇದ್ರೆ ಹೇಳಿ” ಅಂದರು. ಸ್ಟಾಫ್ ರೂಮಿನಲ್ಲಿ ಯಾರೋ ಆಡಿದ ಹೆಸರೊಂದು ನೆನಪಿತ್ತು, ಯೋಚಿಸದೆ ಹೇಳಿಬಿಟ್ಟೆ. ಅವರು 350 ರೂಪಾಯಿ ಕೊಟ್ಟು ಕೊಂಡರು. ಮೂರು ವಾರದ ಮೇಲೆ ಬೆಳಗಿನ ಪ್ರಾರ್ಥನೆಯಲ್ಲಿ ಹುಡುಗಿ ಕುಸಿದು ಬಿದ್ದಳು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8 ಗ್ರಾಂ. ಆ ವಯಸ್ಸಿಗೆ ಕನಿಷ್ಠ 12 ಇರಬೇಕು. ವಿಚಾರಿಸಿದಾಗ ತಿಳಿಯಿತು: ಹನ್ನೆರಡಕ್ಕೆ ಮಲಗಿದವಳು ಐದಕ್ಕೆ ಎದ್ದು ಹುಳುವಿಗೆ ಸೊಪ್ಪು ಹಾಕಬೇಕು. ಶಾಲೆಯಲ್ಲಿ ಪುಕ್ಕಟೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಹೊಟ್ಟೆ ತೊಳಸುತ್ತದೆಂದು ಅವಳೂ ಗೆಳತಿಯರೂ ಕಾಂಪೌಂಡಿನಾಚೆ ಎಸೆಯುತ್ತಿದ್ದರು. ಅಂದಿನಿಂದ ಟಾನಿಕ್ಕಿನ ಹೆಸರು ಹೇಳುವುದನ್ನು ಬಿಟ್ಟೆ, ಸೀಸೆಯ ಮೇಲಿನ ಸಣ್ಣಕ್ಷರ ಓದುವುದನ್ನು ಕಲಿತೆ.

ನಮ್ಮ ಕಾನೂನು ಏನು ಹೇಳುತ್ತದೆ ನೋಡಿ. 1945ರ ಔಷಧ ನಿಯಮಗಳಿಗೆ ‘ಜೆ’ ಎಂಬ ಅನುಸೂಚಿಯಿದೆ. ಏನೇನನ್ನು ವಾಸಿ ಮಾಡುತ್ತೇವೆಂದು ಔಷಧದವರು ಹೇಳಿಕೊಳ್ಳಬಾರದೋ ಅದರ ಪಟ್ಟಿ ಅದು. ಕ್ಯಾನ್ಸರ್, ಬೊಕ್ಕತಲೆಗಳ ಜೊತೆಗೆ ಮೆದುಳಿನ ಸಾಮರ್ಥ್ಯ ಮತ್ತು ನೆನಪಿನ ಶಕ್ತಿ ಹೆಚ್ಚಿಸುವುದೂ ಅದರಲ್ಲಿದೆ. ಹಾಗಾದರೆ ಇವು ಮಾರಾಟವಾಗುವುದು ಹೇಗೆ? ಎಷ್ಟೋ ಸರಕು ಆಹಾರ ಪೂರಕವೆಂಬ ಹೆಸರಿನಲ್ಲಿ ಬರುತ್ತದೆ. ‘ನೆರವಾಗುತ್ತದೆ’, ‘ಪೋಷಿಸುತ್ತದೆ’ ಎಂಬ ಜಾರು ಮಾತಿನಲ್ಲಿ ಬಚಾವಾಗುತ್ತದೆ.

“ನಮ್ಮಜ್ಜಿ ಒಂದೆಲಗದ ಚಟ್ನಿ ಮಾಡಿ ತಿನ್ನಿಸುತ್ತಿರಲಿಲ್ಲವೇ?” ಎಂದು ನೀವು ಕೇಳಬಹುದು. ತಿನ್ನಿ, ನಾನೂ ತಿನ್ನುತ್ತೇನೆ. ಅದು ಸೊಪ್ಪು, ಊಟದ ಭಾಗ. ಆದರೆ ನಾವು ಬ್ರಾಹ್ಮಿ ಎನ್ನುವ ಒಂದೆಲಗವೇ ಬೇರೆ, ಎಷ್ಟೋ ಮಾತ್ರೆಗಳಲ್ಲಿರುವ ನೀರುಬ್ರಾಹ್ಮಿಯೇ ಬೇರೆ. ನೀರುಬ್ರಾಹ್ಮಿಯಿಂದ ನೆನಪಿಗೆ ಅಲ್ಪಸ್ವಲ್ಪ ಉಪಯೋಗ ಕಂಡ ಪ್ರಯೋಗಗಳಿವೆ ನಿಜ. ಅವುಗಳಲ್ಲಿ ಸಾಮಾನ್ಯವಾಗಿ ಜನ ಹನ್ನೆರಡು ವಾರ ಅದನ್ನು ಸೇವಿಸಿದ್ದರು, ಕೆಲವರಿಗೆ ವಾಕರಿಕೆ, ಹೊಟ್ಟೆನೋವು ಬಂದಿತ್ತು. ಪರೀಕ್ಷೆಗೆ ಹದಿನೈದು ದಿನವಿರುವಾಗ ಕೊಂಡ ಸೀಸೆ ಏನು ಮಾಡೀತು? ಸಾರಸ್ವತಾರಿಷ್ಟದಂಥ ಅರಿಷ್ಟಗಳಲ್ಲಿ ಹುದುಗುವಾಗ ತಾನಾಗಿ ಹುಟ್ಟಿದ ಮದ್ಯಸಾರ ಶೇಕಡಾ 5ರಿಂದ 10ರವರೆಗೂ ಇರುತ್ತದೆ. ವೈದ್ಯರನ್ನು ಕೇಳದೆ ಮಕ್ಕಳ ಬಾಯಿಗೆ ಸುರಿಯುವ ವಸ್ತುವೇ ಅದು? ಅಮೆರಿಕದ ಬಾಸ್ಟನ್ ಸುತ್ತಿನ ಅಂಗಡಿಗಳಲ್ಲಿ ಸಿಕ್ಕಿದ, ನಮ್ಮ ದಕ್ಷಿಣ ಏಷ್ಯಾದಲ್ಲೇ ತಯಾರಾದ 70 ಆಯುರ್ವೇದ ಔಷಧಗಳನ್ನು ಪರೀಕ್ಷಿಸಿದ ವರದಿ 2004ರಲ್ಲಿ ಪ್ರಕಟವಾಯಿತು. 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ಸೀಸವಂತೂ ಮಕ್ಕಳ ಬುದ್ಧಿಯನ್ನೇ ಕುಂದಿಸುವ ಲೋಹ.

ಇನ್ನು ನಿದ್ದೆ ಓಡಿಸುವ ಸರಕು. ಪೆಟ್ಟಿಗೆ ಅಂಗಡಿಯಲ್ಲೂ ಸಿಗುವ ಎನರ್ಜಿ ಡ್ರಿಂಕಿನಲ್ಲಿ ಲೀಟರಿಗೆ 300 ಮಿಲಿಗ್ರಾಂವರೆಗೂ ಕೆಫೀನ್ ಇರಬಹುದು. ಮಕ್ಕಳಿಗೆ ಇದು ತಕ್ಕದ್ದಲ್ಲವೆಂದು ಬಾಟಲಿಯ ಮೇಲೆ ಮುದ್ರಿಸಲೇಬೇಕೆಂಬ ನಿಯಮವಿದೆ, ಓದುವವರು ಯಾರು?

ನಮ್ಮ ಊರುಗಳಿಂದ ಬೆಂಗಳೂರಿಗೆ ನೀಟ್ ತರಬೇತಿಗೆ ಹೋದ ಮಕ್ಕಳ ಬಾಯಲ್ಲಿ ಮೀಥೈಲ್‌ಫೆನಿಡೇಟ್ ಎಂಬ ಮಾತ್ರೆಯ ಹೆಸರನ್ನೂ ಕೇಳಿದ್ದೇನೆ. ಗಮನ ನಿಲ್ಲದ ಎ.ಡಿ.ಎಚ್.ಡಿ. ತೊಂದರೆಯಿರುವ ಮಗುವಿಗೆ ಅದು ನಿಜವಾದ ಔಷಧ, ಕೊಡುವ ತಾಯಿ ನಾಚಿಕೆಪಡಬೇಕಾಗಿಲ್ಲ. ಆದರೆ ಅದು ‘ಎಕ್ಸ್’ ಅನುಸೂಚಿಯ ಔಷಧ. ಅಂಗಡಿಯವರು ವೈದ್ಯರ ಚೀಟಿಯ ಪ್ರತಿಯನ್ನು ಎರಡು ವರ್ಷ ಇಟ್ಟುಕೊಳ್ಳಬೇಕು. ತೊಂದರೆಯಿಲ್ಲದವರು ಗೆಳೆಯರಿಂದ ಪಡೆದು ನುಂಗಿದರೆ ನಿದ್ದೆ ಹಸಿವು ಕೆಡುತ್ತದೆ, ಎದೆಬಡಿತ, ರಕ್ತದೊತ್ತಡ ಏರುತ್ತದೆ, ಚಟವೂ ಅಂಟಬಹುದು. ಅಷ್ಟಾದರೂ ಲಾಭವೇನು? ಮೆಲ್ಬರ್ನ್ ವಿಶ್ವವಿದ್ಯಾಲಯದವರು 40 ಮಂದಿ ಆರೋಗ್ಯವಂತರಿಗೆ ಇಂಥ ಮಾತ್ರೆಗಳನ್ನು ಕೊಟ್ಟು, ಇಷ್ಟೇ ತೂಕ ಹಿಡಿಯುವ ಚೀಲದಲ್ಲಿ ಅತಿ ಹೆಚ್ಚು ಬೆಲೆಯ ಸಾಮಾನು ತುಂಬುವ ಲೆಕ್ಕ ಮಾಡಿಸಿದರು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಮಾತ್ರೆ ನುಂಗಿದಾಗ ಹೆಚ್ಚು ಹೊತ್ತು ಹೆಣಗಿದರು, ಕೆಲಸದ ಗುಣ ಮಾತ್ರ ಇಳಿಯಿತು.

ನಿದ್ದೆಯ ಬೆಲೆಯನ್ನು ರೇಷ್ಮೆ ಸಾಕುವ ನಮ್ಮ ಹೆಂಗಸರಿಗೆ ನಾನು ಹೇಳಿಕೊಡಬೇಕೇ? ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಆಗ ಎಂಥ ಎಳೆ ಸೊಪ್ಪಿದ್ದರೂ ಹಾಕುವುದಿಲ್ಲ, ಹುಳುವನ್ನು ಅಲುಗಿಸುವುದಿಲ್ಲ. ಪೊರೆ ಕಳಚಿ ಎದ್ದ ಮೇಲೆಯೇ ಮೇವು. ಹುಳುವಿಗಿರುವ ಈ ಮರ್ಯಾದೆ ಮಗಳಿಗಿಲ್ಲ. ಹಗಲು ಓದಿದ್ದು ತಲೆಯಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ, ಹದಿಹರೆಯದವರಿಗೆ ಅದು 8ರಿಂದ 10 ಗಂಟೆ ಬೇಕು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 19 ವರ್ಷದ ಹುಡುಗಿಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ರಕ್ತದಲ್ಲಿ ಕಬ್ಬಿಣ ಕಡಿಮೆಯಾದರೆ ದಣಿವು, ಮಂಕು, ಪುಸ್ತಕದ ಮೇಲೆ ನಿಲ್ಲದ ಮನಸ್ಸು. ಇದನ್ನೇ ನಾವು ಮರೆವು ಎಂದು ಕರೆದು ಸೀಸೆ ತರುತ್ತೇವೆ, ‘ನಿನ್ನ ತಲೆ ಸಾಲದು’ ಎಂಬ ಮಾತನ್ನೂ ಅದರ ಜೊತೆಗೆ ಕೊಡುತ್ತೇವೆ. ಮನೆಯ ಮೊಟ್ಟೆ ಮಗನ ತಟ್ಟೆಗೆ ಹೋಗುವುದನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ.

ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶವಿದೆ, ಜೊತೆಗೆ ಫೋಲಿಕ್ ಆಮ್ಲ. ವಾರಕ್ಕೆ ಒಂದು. ಊಟವಾದ ಮೇಲೆ ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆ. ಅದರ ಜೊತೆ ಕಾಫಿ, ಟೀ ಬೇಡ, ನಿಂಬೆಹಣ್ಣಿನ ಪಾನಕ ಒಳ್ಳೆಯದು. ಮಲ ಕಪ್ಪಗಾದರೆ ಗಾಬರಿಯಾಗಬೇಡಿ. ಮಗಳು ಬಿಳಚಿಕೊಂಡಿದ್ದರೆ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರೆ ಔಷಧಿ ಅಂಗಡಿಗೆ ಹೋಗುವ ಮೊದಲು ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ರಕ್ತ ತೀರಾ ಕಡಿಮೆಯಿದ್ದರೆ ವಾರಕ್ಕೊಂದು ಮಾತ್ರೆ ಸಾಲದು, ವೈದ್ಯರು ಹೇಳಿದಷ್ಟು ಕೊಡಿ.

ಈಗ ನಾನು ಆ ಮಾತ್ರೆಯನ್ನು ಹುಡುಗಿಯರ ಕೈಗೆ ಕೊಟ್ಟು ಕಳಿಸುವುದಿಲ್ಲ. ಬಿಸಿಯೂಟ ಮುಗಿದ ಮೇಲೆ ನೀರಿನ ಚೊಂಬು ಹಿಡಿದು ನಿಂತು ಎದುರಿಗೇ ನುಂಗಿಸುತ್ತೇನೆ. ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ.