ಬಾಯಿಬಿಡದ ಪಟ್ಟಿ



ಹಿರಿಯಣ್ಣನವರು ಲಿಂಗೈಕ್ಯರಾದ ಮೇಲೆ ಸತ್ಯಮಂಗಲದ ಅವರ ಮನೆಗೆ ಹೋದಾಗಲೆಲ್ಲ ಸಿ.ಡಿ. ಪೆಟ್ಟಿಗೆಗಳತ್ತ ನನ್ನ ದೃಷ್ಟಿ ಹರಿಯುತ್ತದೆ. ನಾನೂರಕ್ಕೂ ಮೀರಿದ ಕನ್ನಡ ಚಲನಚಿತ್ರಗಳನ್ನು ಅವರು ಕೂಡಿಸಿಟ್ಟಿದ್ದರು. ಕಳೆದ ಬಾರಿ ಅತ್ತಿಗೆಯವರು ‘ಬೇಡರ ಕಣ್ಣಪ್ಪ’ವನ್ನು ನೋಡಬಯಸಿದರು. ನಮ್ಮ ಜಿಲ್ಲೆಯ ಗುಬ್ಬಿ ವೀರಣ್ಣನವರ ಸಂಸ್ಥೆಯು ಪಾಲುಗೊಂಡು ನಿರ್ಮಿಸಿದ, ರಾಜಕುಮಾರರು ಮೊದಲ ಬಾರಿಗೆ ನಾಯಕರಾದ 1954ರ ಚಿತ್ರವದು. “ಪಟ್ಟಿಯೇನೋ ಇದೆಯಪ್ಪಾ, ಅದು ಬಾಯಿಬಿಡುತ್ತಿಲ್ಲ” ಎಂದರು. ಅಣ್ಣನವರು ವರ್ಷಗಟ್ಟಲೆ ಕುಳಿತು ವಿವರ ತುಂಬಿದ್ದ ಗಣಕಯಂತ್ರವು ಕೆಟ್ಟಿತ್ತು. ಆ ತಂತ್ರಾಂಶವನ್ನು ಮಾರಿದ್ದ ಸಂಸ್ಥೆಯೂ ಈಗಿಲ್ಲ. ಉಳಿದ ಕಡತವನ್ನು ಬೇರಾವ ತಂತ್ರಾಂಶವೂ ಓದಲೊಲ್ಲದು. ಹೊಸ ಪಟ್ಟಿಗೆ ಯಾವುದನ್ನು ಆರಿಸಬೇಕೆಂದು ಮೊಮ್ಮಗನು ನನ್ನನ್ನು ಕೇಳಿದನು.

ನಾನು ಬಲ್ಲುದು ತಾಳೆಗರಿಯ ಕಟ್ಟುಗಳ ಪಟ್ಟಿ ಮಾತ್ರ. ಮಠದಲ್ಲಿ ಅದನ್ನು ಸಿದ್ಧಪಡಿಸುವಾಗ ಕೃತಿಯ ಹೆಸರಷ್ಟನ್ನೇ ಬರೆದರೆ ನಮ್ಮ ಗುರುಗಳು ಒಪ್ಪುತ್ತಿರಲಿಲ್ಲ. ಆದಿ, ಅಂತ್ಯ, ಪುಷ್ಪಿಕೆ, ಗರಿಗಳ ಸಂಖ್ಯೆ ಎಲ್ಲವೂ ಬೇಕು. ಒಂದೇ ಹೆಸರಿನ ಕೃತಿಗಳು ಹಲವಿರುತ್ತವೆ, ಒಂದೇ ಕಟ್ಟಿನಲ್ಲಿ ಮೂರು ಕೃತಿಗಳೂ ಇರುತ್ತವೆ. ಚಲನಚಿತ್ರಗಳ ಪಾಡೂ ಅದೇ ಎಂಬುದು ಆ ಪೆಟ್ಟಿಗೆಗಳ ಮುಂದೆ ಕುಳಿತಾಗ ತಿಳಿಯಿತು. ‘ನಾಗರಹಾವು’ ಎಂದರೆ 1972ರ ಪುಟ್ಟಣ್ಣ ಕಣಗಾಲರ ಚಿತ್ರವಷ್ಟೇ ಅಲ್ಲ. 2002ರದೊಂದು, 2016ರದೊಂದು ಬೇರೆ ಇವೆ. ವಿ.ಸಿ.ಡಿ.ಯು ಸುಮಾರು ಎಂಬತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯದ ಕಾರಣ ಒಂದು ಚಿತ್ರವು ಎರಡು ಮೂರು ಸಿ.ಡಿ.ಗಳಲ್ಲಿ ಹಂಚಿಹೋಗಿರುತ್ತದೆ, ಡಿ.ವಿ.ಡಿ.ಯಲ್ಲಾದರೋ ಒಂದರಲ್ಲೇ ಮೂರು ಚಿತ್ರಗಳು. ಆದ್ದರಿಂದ ಚಿತ್ರಕ್ಕೊಂದು, ಸಿ.ಡಿ.ಗೊಂದು ಪ್ರತ್ಯೇಕ ಸಂಖ್ಯೆ ಬೇಕು. ಯಾವ ಪೆಟ್ಟಿಗೆ, ಯಾರಿಗೆ ಎರವಲು ಎಂಬ ಅಂಕಣಗಳನ್ನು ನಾವೇ ಸೇರಿಸಿಕೊಳ್ಳಲು ತಂತ್ರಾಂಶವು ಎಡೆಗೊಡಬೇಕು.

ಹೆಸರು ಕೊಟ್ಟೊಡನೆ ಅಂತರಜಾಲದಿಂದ ವಿವರವನ್ನೂ ಭಿತ್ತಿಚಿತ್ರವನ್ನೂ ತಂದುಕೊಡುವ ಸೌಕರ್ಯಕ್ಕೆ ಹುಡುಗನು ಮರುಳಾಗಿದ್ದನು. ಹಳೆಯ ಕನ್ನಡ ಚಿತ್ರಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆದಿರುವುದರಿಂದ ಅದು ಎಷ್ಟೋ ಸಲ ತಪ್ಪು ಚಿತ್ರವನ್ನೇ ತಂದಿತು. ಕನ್ನಡದಲ್ಲೇ ತುಂಬಬೇಕು, ಅದೂ ಯೂನಿಕೋಡಿನಲ್ಲಿ. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ತುಂಬಿದರೆ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುವುದು.

ಬೆಲೆಯಿಲ್ಲದೆ ದೊರೆಯುವ ಟೆಲ್ಲಿಕೊ, ಜಿಸಿಸ್ಟಾರ್ ಎರಡೂ ಪಟ್ಟಿಯನ್ನು ಸಿ.ಎಸ್.ವಿ. ಎಂಬ ಸರಳ ಪಠ್ಯರೂಪದಲ್ಲಿ ಹೊರತೆಗೆದುಕೊಡುತ್ತವೆ. ಟೆಲ್ಲಿಕೊ ಮುಖ್ಯವಾಗಿ ಲಿನಕ್ಸ್ ಬಳಸುವವರದು. ಹುಡುಗನದು ವಿಂಡೋಸ್ ಆದುದರಿಂದ ಜಿಸಿಸ್ಟಾರನ್ನು ಆರಿಸಿದನು. ನನ್ನನ್ನು ಕೇಳಿದರೆ ನಾನೂರು ಚಿತ್ರಗಳಿಗೆ ಲಿಬ್ರೆಆಫೀಸಿನ ಕ್ಯಾಲ್ಕ್ ಸಾಕು. ಅವನು ಒಪ್ಪಲಿಲ್ಲ. ಹಾಗಾದರೆ ಮೊದಲು ಹತ್ತೇ ಚಿತ್ರಗಳನ್ನು ತುಂಬಿ, ಸಿ.ಎಸ್.ವಿ.ಯಾಗಿ ಹೊರತೆಗೆದು, ಕ್ಯಾಲ್ಕಿನಲ್ಲಿ ತೆರೆದು, ಕನ್ನಡವು ಕೆಡದೆ ಬರುವುದೇ ನೋಡು ಎಂದೆನು. (ತೆರೆಯುವಾಗ ಯುಟಿಎಫ್-8 ಎಂಬುದನ್ನು ಆರಿಸಬೇಕು.) ಬಂದಿತು. ಆಮೇಲೆಯೇ ಪೆಟ್ಟಿಗೆಗಳನ್ನು ಬಿಚ್ಚಿದೆವು.

ಸಂಜೆಯ ಹೊತ್ತಿಗೆ ‘ಬೇಡರ ಕಣ್ಣಪ್ಪ’ದ ಎರಡನೆಯ ಸಿ.ಡಿ. ಸಿಕ್ಕಿತು; ಮೊದಲನೆಯದಿರಲಿಲ್ಲ. ಎರವಲಿನ ಅಂಕಣದಲ್ಲಿ ಏನು ಬರೆಯಲೆಂದು ಹುಡುಗನು ಕೇಳಿದನು. “ಹಿಂದಿನ ಬೀದಿಯವರು ಯಾರೋ ಒಯ್ದ ನೆನಪು. ವಿಚಾರಿಸಿ ಹೇಳುತ್ತೇನೆ, ಜಾಗ ಬಿಟ್ಟಿರು ಮಗಾ” ಎಂದರು ಅತ್ತಿಗೆ.